ಕಿವಿ ಮುರಿದ ಸಿಂಹದ ಕುರ್ಚಿ

ಸೋಫಾ ರಿಪೇರಿಯ ಸ್ಪ್ರಿಂಗಣ್ಣನಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ, ಕುರ್ಚಿಗಳ ಕಾಲು ನೆನಪಿರುತ್ತಿತ್ತು. ಸ್ವಂತ ಷಡ್ಡಕ ಬಾಗಿಲಿಗೆ ಬಂದು ನಿಂತರೂ "ಯಾರು ಬೇಕಾಗಿತ್ತು?" ಎಂದು ಕೇಳಿ ಹೆಂಡತಿಯಿಂದ ಬೈಸಿಕೊಂಡವನು ಅವನು. ಅದೇ, ಯಾವುದೋ ಕಾಲದಲ್ಲಿ ತನ್ನ ಕೈಯಿಂದ ಹಾದುಹೋದ ಆರಾಮಕುರ್ಚಿಯೊಂದು ಬೀದಿಯ ಆ ತುದಿಯಲ್ಲಿ ಗಾಡಿಯ ಮೇಲೆ ಹೋಗುತ್ತಿದ್ದರೆ ಸಾಕು, ಓಡಿಹೋಗಿ ಅದರ ಕೈ ಸವರಿ, "ಸೊಂಟ ಹೇಗಿದೆ ಈಗ?" ಎಂದು ವಿಚಾರಿಸುವನು. ಗಾಡಿಯವನು ತನ್ನನ್ನೇ ಕೇಳಿದ್ದೆಂದುಕೊಂಡು, "ಏನೋ ನಡೀತಿದೆಯಪ್ಪ" ಎಂದು ಉತ್ತರ ಕೊಡುವನು.

ಅವನ ಕಸುಬಿಗೆ ಒಂದು ಕಟ್ಟುನಿಟ್ಟು ಇತ್ತು. ಮನೆತನದ ಮರ್ಯಾದೆಯೆಲ್ಲ ಹೋಗಿ ಕೂರುವುದು ನಡುಮನೆಯ ಸೋಫಾದ ಮೇಲೆ. ಆ ಸೋಫಾದ ತಳ ಕಿತ್ತುಹೋಗಿದೆ, ಗೋಣಿಬಟ್ಟೆ ಹಾಕಿ ತೇಪೆ ಹೊಲಿಸಿದ್ದಾರೆ ಎಂದು ಊರಿಗೆ ತಿಳಿಯುವುದು ಯಾರಿಗೆ ಬೇಕು? ಹಾಗಾಗಿ ಅವನ ಮನೆಗೆ ಬರುವ ಸೋಫಾಗಳೆಲ್ಲ ಕಂಬಳಿ ಹೊದ್ದುಕೊಂಡು, ಜ್ವರದ ರೋಗಿಗಳ ಹಾಗೆ, ಹಿಂದಿನ ಓಣಿಯಿಂದ ಬರುತ್ತಿದ್ದವು. ಅವನ ಅಪ್ಪ ಸುತ್ತಿಗೆ ಕೈಗೆ ಕೊಟ್ಟ ದಿನವೇ ಹೇಳಿದ್ದ: "ನೋಡು ಮಗಾ, ಕುರ್ಚಿ ನಮ್ಮ ಹೊಸ್ತಿಲು ದಾಟಿ ಒಳಗೆ ಬಂತೋ, ವಾಪಸು ಹೋಗೋ ತನಕ ಅದು ನಮ್ಮದೇ. ತಂದವನನ್ನ ಯಾರದು ಅಂತ ಕೇಳಬೇಡ. ಕೇಳಿದವನಿಗೆ ಹೇಳಬೇಡ. ಯಾರೇ ಕೇಳಲಿ, ನಮ್ಮದೇ ಅನ್ನು." ಅಪ್ಪ ಹೋದ, ಮಾತು ಉಳಿಯಿತು. ಊರಿನವರು ಯಾರೂ ಕೇಳುತ್ತಿರಲಿಲ್ಲ. ಏಕೆಂದರೆ ಕೇಳಬೇಕಾದವರ ಸೋಫಾಗಳೂ ಅಲ್ಲಿಗೆ ಬಂದು ಹೋಗಿದ್ದವು.

ಹೀಗೆ ಇಡೀ ಬೀದಿಯಲ್ಲಿ ಅತಿ ಬಡವನ ಮನೆಯ ನಡುಮನೆ ಅತಿ ಶ್ರೀಮಂತವಾಗಿತ್ತು. ಮನೆಯವರು ಮಾತ್ರ ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡು ಬದುಕುತ್ತಿದ್ದರು.

ಈ ಚಾಪೆಯ ಮೇಲೆ ಬೋರಲು ಮಲಗಿ ಓದಿಯೇ ಸ್ಪ್ರಿಂಗಣ್ಣನ ಮಗಳು ಶಾಲೆಗೆ ಮೊದಲಿಗಳಾದಳು. ಶಾಲೆಯ ಹೆಡ್‌ಮಾಸ್ತರರು ಅವಳ ಹೆಸರನ್ನು ಪಟ್ಟಣದ ದೊಡ್ಡ ಕಾಲೇಜಿಗೆ ಕಳಿಸಿದರು. ಆ ಕಾಲೇಜಿನವರು 'ಅವಕಾಶ ಯೋಜನೆ' ಎಂದು ಒಂದನ್ನು ನಡೆಸುತ್ತಿದ್ದರು. ಓದಿನಲ್ಲಿ ಚುರುಕು, ಮನೆಯಲ್ಲಿ ಅನುಕೂಲವಿಲ್ಲ ಎನ್ನುವ ಮಕ್ಕಳನ್ನು ಆರಿಸಿ ಸೀಟು, ಹಾಸ್ಟೆಲು, ಪುಸ್ತಕ ಎಲ್ಲವನ್ನೂ ಅವರೇ ಕೊಡುವುದು. ರಜೆಯಲ್ಲೇ ಕರೆಸಿಕೊಂಡು ಕಾಲೇಜಿನ ಪಾಠಕ್ಕೆ ತಯಾರು ಮಾಡುವುದು. ಮಗಳು ಪರೀಕ್ಷೆ ಬರೆದು ಗೆದ್ದಾಗಿತ್ತು. ಇನ್ನು ಉಳಿದದ್ದು ಎರಡೇ: ಕಾಲೇಜಿನವರು ಮನೆಗೆ ಬಂದು, ಅನುಕೂಲವಿಲ್ಲದ್ದು ನಿಜವೇ ಎಂದು ನೋಡುವುದು, ಆಮೇಲೆ ಅಪ್ಪ ಮಗಳು ಹೋಗಿ ಪ್ರಿನ್ಸಿಪಾಲರನ್ನು ಕಾಣುವುದು. ಈ ಸೀಟು ತಪ್ಪಿದರೆ ಅವಳು ಬಟ್ಟೆಯಂಗಡಿಯ ಕೆಲಸಕ್ಕೆ ಹೋಗುವುದೆಂದು ಮನೆಯಲ್ಲಿ ಆಗಲೇ ಮಾತಾಗಿತ್ತು. ಅಂಗಡಿಯವನು ಅವಳ ಅಳತೆಯ ಸಮವಸ್ತ್ರವನ್ನೂ ತೆಗೆದಿಟ್ಟಿದ್ದ.

"ಅನುಕೂಲ ಇಲ್ಲ ಅಂತ ತೋರಿಸೋದು ಹೇಗೆ?" ಎಂದು ಸ್ಪ್ರಿಂಗಣ್ಣ ಎದುರುಮನೆಯ ಕ್ಷೌರದಂಗಡಿಯವನನ್ನು ಕೇಳಿದ. ಕ್ಷೌರದಂಗಡಿಯವನು ಊರಿನ ತಲೆಗಳನ್ನೆಲ್ಲ ಹೊರಗಿನಿಂದ ಬಲ್ಲವನು. ಒಳಗಿನಿಂದಲೂ ಬಲ್ಲೆನೆಂದು ಅವನ ನಂಬಿಕೆ.

"ತೋರಿಸೋದೇನು ಬಂತು, ಸ್ಪ್ರಿಂಗಣ್ಣ? ನಿನ್ನ ಹತ್ರ ಇರೋದನ್ನೆಲ್ಲ ಬಚ್ಚಿಡು. ಹೊಲಿಗೆ ಮಿಷನ್ನು, ಸುತ್ತಿಗೆ, ಇಕ್ಕಳ, ಮೊಳೆ ಡಬ್ಬ, ಒಂದೂ ಕಣ್ಣಿಗೆ ಬೀಳಬಾರದು. ಅಷ್ಟು ಸಾಮಾನು ನೋಡಿದ್ರೆ ಕಾರ್ಖಾನೆ ಇಟ್ಟಿದಾನೆ ಅಂತ ಬರ್ಕೊಂಡು ಹೋಗ್ತಾರೆ."

ಮಾತು ಸ್ಪ್ರಿಂಗಣ್ಣನಿಗೆ ಹಿಡಿಸಿತು. ಬರುವ ದಿನ ಬೆಳಿಗ್ಗೆ ಎದ್ದವನೇ ತನ್ನದೆಂಬುದನ್ನೆಲ್ಲ ಕ್ಷೌರದಂಗಡಿಗೆ ಸಾಗಿಸಿದ. ಮಿಷನ್ನು ಹೋಯಿತು, ಉಪಕರಣ ಹೋಯಿತು, ನಾರಿನ ಮೂಟೆ, ಬಟ್ಟೆಯ ಸುರುಳಿ ಎಲ್ಲ ಹೋಯಿತು. ಹೆಂಡತಿಯ ಎರಡು ಸ್ಟೀಲು ಪಾತ್ರೆ ಫಳಫಳ ಹೊಳೆಯುತ್ತಿವೆಯೆಂದು ಅವನ್ನೂ ಹೊತ್ತುಕೊಂಡು ಹೋದ. ನೆಲವನ್ನು ಚೆನ್ನಾಗಿ ಗುಡಿಸಿದ. ಆಮೇಲೆ ನಡುಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಸುತ್ತ ನೋಡಿ, "ಏನೂ ಇಲ್ಲ ನೋಡೇ! ಹೊಟ್ಟೆ ಉರಿಯತ್ತೆ," ಎಂದು ತೃಪ್ತಿಯಿಂದ ಹೆಂಡತಿಗೆ ಹೇಳಿದ.

ಆ ಏನೂ ಇಲ್ಲದ ನಡುಮನೆಯಲ್ಲಿ ಆಗ ಇದ್ದದ್ದು: ಹಿಂದಿನ ರಾತ್ರಿಯಷ್ಟೇ ಕೆಲಸ ಮುಗಿದ ದ್ರಾಕ್ಷಿ ಬಣ್ಣದ ಮಖಮಲ್ಲಿನ ಉದ್ದನೆಯ ಸೋಫಾ, ಅದರ ಜೊತೆಯ ಗಾಜಿನ ಟೀಪಾಯಿ ಮತ್ತು ಎರಡು ಕೈಗಳಿಗೂ ಮರದ ಸಿಂಹಗಳು, ನಾಲ್ಕು ಕಾಲುಗಳಿಗೂ ಸಿಂಹದ ಪಂಜಗಳಿದ್ದ, ಆಳೆತ್ತರದ ಬೆನ್ನಿಗೆ ಹೊಸ ಕೆಂಪು ರೆಕ್ಸಿನ್ ಹೊದ್ದ ಒಂದು ಮಹಾಕುರ್ಚಿ. ಎಡಗಡೆಯ ಸಿಂಹದ ಒಂದು ಕಿವಿ ಮುರಿದಿತ್ತು. ತಲೆಗೆ ಟವೆಲು ಸುತ್ತಿಕೊಂಡ ಯಾರೋ ಅದನ್ನು ತಂದಿಳಿಸಿ, "ದೊಡ್ಡವರದು. ತಳ ಕುಸಿದಿದೆ. ಕಪ್ಪು ರೆಕ್ಸಿನ್ ತೆಗೆದು ಕೆಂಪು ಹಾಕು, ನೋಡಿದವರಿಗೆ ಬೇರೆ ಕುರ್ಚಿ ಅನ್ನಿಸಬೇಕು," ಎಂದಷ್ಟೇ ಹೇಳಿ ಹೋಗಿದ್ದ. ಇವು ಯಾವುವೂ ಸ್ಪ್ರಿಂಗಣ್ಣನ ಕಣ್ಣಿಗೆ ಬೀಳಲಿಲ್ಲವೆಂದರೆ ಆಶ್ಚರ್ಯಪಡಬೇಕಾದ್ದಿಲ್ಲ. ಬಚ್ಚಿಡು ಎಂದದ್ದು ತನ್ನದನ್ನು. ಇವು ತನ್ನವಲ್ಲವಲ್ಲ!

ಇದನ್ನು ನೋಡಿದ್ದರೆ ಥಟ್ಟನೆ ಹೇಳುತ್ತಿದ್ದವಳು ಮಗಳು. ಅವಳು ಶಾಲೆಗೆ ಹೋಗಿದ್ದಳು.

ಕಾಲೇಜಿನಿಂದ ಇಬ್ಬರು ಬಂದರು. ಒಬ್ಬರು ಪಾಠ ಹೇಳುವ ಮೇಡಂ, ಇನ್ನೊಬ್ಬ ಗುಮಾಸ್ತ. ಒಳಗೆ ಕಾಲಿಟ್ಟ ಗುಮಾಸ್ತ ಮತ್ತೆ ಹೊರಗೆ ಹೋಗಿ ಮನೆಯ ಹೊರಗೋಡೆಯನ್ನು ನೋಡಿದ. ಸುಣ್ಣ ಉದುರಿ ಇಟ್ಟಿಗೆ ಕಾಣುತ್ತಿತ್ತು. ಒಳಗೆ ಬಂದು ಸೋಫಾ ನೋಡಿದ. ಮತ್ತೆ ಹೊರಗೆ ಹೋದ.

"ಏನ್ರೀ, ಒಳಗೆ ಹೊರಗೆ ಓಡಾಡ್ತಿದೀರಿ?" ಎಂದರು ಮೇಡಂ.

"ಎರಡೂ ಒಂದೇ ಮನೆಯೋ ಅಂತ ನೋಡ್ತಿದೀನಿ, ಮೇಡಂ."

ಮೇಡಂ ಸೋಫಾದ ಮೇಲೆ ಕೂತರು. ಸೋಫಾ ಅವರನ್ನು ಮೆಲ್ಲಗೆ ಒಳಕ್ಕೆ ತೆಗೆದುಕೊಂಡು, ಮೆಲ್ಲಗೆ ಮೇಲಕ್ಕೆತ್ತಿ, ಹದವಾದ ಎತ್ತರದಲ್ಲಿ ನಿಲ್ಲಿಸಿತು. ಸ್ಪ್ರಿಂಗಣ್ಣನ ಮುಖ ಅರಳಿತು.

"ಎಷ್ಟು ಚೆನ್ನಾಗಿದೆ! ಯಾರದು ಈ ಸೋಫಾ?" ಎಂದರು ಮೇಡಂ.

"ನಮ್ಮದೇ, ಮೇಡಂ."

"ಈ ಟೀಪಾಯಿ?"

"ನಮ್ಮದೇ."

ಗುಮಾಸ್ತ ಸಿಂಹದ ಕುರ್ಚಿಯನ್ನು ಸುತ್ತು ಹಾಕಿ, ಮುರಿದ ಕಿವಿಯನ್ನು ಮುಟ್ಟಿ, "ಇದನ್ನ ಎಲ್ಲೋ ನೋಡಿದ ಹಾಗಿದೆಯಲ್ಲ… ಇದೂ ನಿಮ್ಮದೇನಾ?" ಎಂದ.

"ನಮ್ಮದೇ, ಸಾರ್. ಕಿವಿ ಒಂದು ಬಾಕಿ ಇದೆ."

ಚಹಾ ತಂದ ಹೆಂಡತಿಯ ಕಡೆಗೆ ಮೇಡಂ ತಿರುಗಿದರು. "ಮನೆಯಲ್ಲಿ ಅನುಕೂಲ ಇದೆ ಅನ್ನಿ ಹಾಗಾದರೆ?"

ಹೆಂಡತಿಗೂ ಮಾವನ ಮಾತಿನ ಕಟ್ಟು ಇತ್ತು. ಸಾಲದ್ದಕ್ಕೆ ಕಸುಬಿನ ಅಭಿಮಾನ ಬೇರೆ. "ಇದೇನು ಮಹಾ, ಮೇಡಂ? ಹೋದ ತಿಂಗಳು ನೀವು ಬರಬೇಕಿತ್ತು. ಇಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ," ಎಂದಳು.

ಗುಮಾಸ್ತ ಬರೆದುಕೊಳ್ಳತೊಡಗಿದ. ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಹಾಲಿನಜ್ಜಿ ಕಿಟಕಿಯ ಆಚೆ ಹಾದುಹೋಗುತ್ತಿದ್ದಳು. ಶರಟಿನ ಜೇಬಿನಲ್ಲಿ ಪೆನ್ನಿಟ್ಟುಕೊಂಡ ಗಂಡಸೊಬ್ಬ ಸ್ಪ್ರಿಂಗಣ್ಣನ ಮನೆಯ ಸಾಮಾನನ್ನು ಒಂದೊಂದಾಗಿ ಮುಟ್ಟಿ ಬರೆಯುತ್ತಿದ್ದಾನೆ. ಅಜ್ಜಿ ತನ್ನ ಜೀವಮಾನದಲ್ಲಿ ಇಂಥ ದೃಶ್ಯವನ್ನು ಕಂಡದ್ದು ಒಂದೇ ಸಂದರ್ಭದಲ್ಲಿ. "ಅಯ್ಯೋ, ಜಪ್ತಿ! ಜಪ್ತಿಗೆ ಬಂದಿದಾರೆ!" ಎಂದು ಕೂಗಿಕೊಂಡು ಕ್ಷೌರದಂಗಡಿಗೆ ಓಡಿದಳು.

ಕಾಲೇಜಿನವರು ಬರುವ ಸಂಗತಿ ಕ್ಷೌರದಂಗಡಿಯವನಿಗೆ ಗೊತ್ತಿತ್ತು. ಆದರೆ 'ಜಪ್ತಿ' ಎಂಬ ಮಾತು ಕಿವಿಗೆ ಬಿದ್ದ ಮೇಲೆ ಗೊತ್ತಿರುವುದೆಲ್ಲ ಯಾರಿಗೆ ನೆನಪಿರುತ್ತದೆ? ಕಾಲೇಜಿನವರು ಇನ್ನೂ ಬಂದಿಲ್ಲ, ಅಷ್ಟರಲ್ಲಿ ಜಪ್ತಿಯವರು ಬಂದಿದ್ದಾರೆ ಎಂದು ಅವನು ಲೆಕ್ಕ ಹಾಕಿದ. ಕತ್ತಿ ಕೆಳಗಿಟ್ಟು ಓಡಿದ. ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಗಿರಾಕಿ, ಉಳಿದರ್ಧ ಮುಖದ ಗತಿಯೇನೆಂದು ಅವನ ಹಿಂದೆಯೇ ಓಡಿದ.

ಮೊದಲು ನುಗ್ಗಿದವಳು ಅಜ್ಜಿ. ನುಗ್ಗಿದವಳೇ ಮೇಡಂ ಪಕ್ಕದಲ್ಲಿ ಸೋಫಾದ ಮೇಲೆ ಕೂತು ಅದರ ಕೈಯನ್ನು ಭದ್ರವಾಗಿ ಹಿಡಿದುಕೊಂಡಳು. "ಇದು ನನ್ನ ಸೋಫಾ! ಬರ್ಕೊಂಡಿದ್ರೆ ಹೊಡೆದು ಹಾಕು!"

"ನಿಮ್ಮದಾ ಅಜ್ಜಿ? ಮತ್ತೆ ಇಲ್ಲಿ ಯಾಕಿದೆ?" ಎಂದ ಗುಮಾಸ್ತ.

"ನಮ್ಮನೆ ಬಾಗಿಲಲ್ಲಿ ಹಿಡಿಸಲ್ಲ. ನಾನು ಇದರ ಮೇಲೇ ಮಲಗೋದು."

"ಬಾಗಿಲಲ್ಲಿ ಹಿಡಿಸದಿದ್ರೆ ಮಲಗೋದು ಹೇಗೆ?"

"ಇಲ್ಲಿಗೆ ಬಂದು ಮಲಗ್ತೀನಪ್ಪ! ನಿಂಗ್ಯಾಕೆ ನನ್ನ ನಿದ್ದೆ ವಿಚಾರ?"

ಸ್ಪ್ರಿಂಗಣ್ಣ ಬೆಪ್ಪಾಗಿ ನಿಂತ. ಇಷ್ಟು ವರ್ಷ ಹಾಲು ಹಾಕಿದ ಅಜ್ಜಿ, ಒಂದು ದಿನವಾದರೂ ನೀರು ಬೆರೆಸಿದವಳಲ್ಲ, ಈಗ ಹಾಡುಹಗಲು ಬೇರೆಯವರ ಸೋಫಾಕ್ಕೆ ಕೈ ಹಾಕಿದ್ದಾಳೆ. ಅಷ್ಟರಲ್ಲಿ ಕ್ಷೌರದಂಗಡಿಯವನು ಸಿಂಹದ ಕುರ್ಚಿ ಹತ್ತಿ ಕೂತುಬಿಟ್ಟಿದ್ದ. "ಇದು ನಮ್ಮಂಗಡಿ ಕುರ್ಚಿ, ಸಾರ್. ಇದನ್ನ ಮುಟ್ಟೋ ಹಾಗಿಲ್ಲ."

"ಇದರ ಮೇಲೆ ಕೂರಿಸಿ ಕ್ಷೌರ ಮಾಡ್ತೀರಾ?"

"ಎಲ್ಲರಿಗೂ ಇಲ್ಲ. ದೊಡ್ಡ ಮನುಷ್ಯರಿಗೆ ಮಾತ್ರ."

ಬಾಗಿಲಲ್ಲಿ ನೊರೆಮುಖದ ಗಿರಾಕಿ ನಿಂತಿದ್ದ. ಎಲ್ಲರೂ ಏನೇನೋ ತಮ್ಮದೆನ್ನುತ್ತಿರುವಾಗ ತಾನೊಬ್ಬ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲವೆಂದು ತೋರಿರಬೇಕು. "ಹಾಗಾದ್ರೆ ಆ ಟೀಪಾಯಿ ನಂದು," ಎಂದ.

ಸ್ಪ್ರಿಂಗಣ್ಣನಿಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. "ಯಾರೂ ಏನನ್ನೂ ಮುಟ್ಟಬೇಡಿ! ಇದೇನು ಹಗಲು ದರೋಡೆ? ಸಾರ್, ನೀವು ಬರ್ಕೊಳ್ಳಿ. ಸೋಫಾ ನಮ್ಮದು, ಕುರ್ಚಿ ನಮ್ಮದು, ಟೀಪಾಯಿ ನಮ್ಮದು. ಎಲ್ಲಾ ನಮ್ಮದೇ! ಅಜ್ಜೀ, ನೀನು ಇಂಥವಳು ಅಂತ ನಾನು ಕನಸಲ್ಲೂ ಅಂದ್ಕೊಂಡಿರಲಿಲ್ಲ."

"ನಿನ್ನನ್ನ ಉಳಿಸೋಕೆ ಬಂದ್ರೆ ನನಗೇ ಬೈತೀಯೇನೋ, ಬಡ್ಡಿಮಗನೇ!"

ಮೇಡಂ ಚಹಾದ ಲೋಟ ಕೆಳಗಿಟ್ಟು ಎದ್ದರು. "ಇದ್ದದ್ದನ್ನ ಬಚ್ಚಿಟ್ಟು ಬಡವರ ವೇಷ ಹಾಕೋರನ್ನ ನೋಡಿದೀನಿ. ಇಲ್ಲಿ ಏನು ನೋಡ್ತಿದೀನಿ ಅಂತ ನನಗೇ ಗೊತ್ತಾಗ್ತಿಲ್ಲ. ಪ್ರಿನ್ಸಿಪಾಲರೇ ತೀರ್ಮಾನ ಮಾಡಲಿ," ಎಂದು ಹೊರಟರು. ಗುಮಾಸ್ತ ಹೊಸ್ತಿಲಲ್ಲಿ ನಿಂತು ಮತ್ತೊಮ್ಮೆ ಸಿಂಹವನ್ನು ನೋಡಿ ತಲೆ ಕೆರೆದುಕೊಂಡ.

ಸಂಜೆ ಮಗಳು ಬಂದು ಎಲ್ಲವನ್ನೂ ಕೇಳಿದಳು. ಅಳಲಿಲ್ಲ. ಚಾಪೆಯ ಹಿಂಜಿದ ಅಂಚನ್ನು ಬೆರಳಿಗೆ ಸುತ್ತತೊಡಗಿದಳು.

"ಅಪ್ಪಾ, ನಾನು ಸೋಫಾ ರಿಪೇರಿ ಮಾಡೋನು ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ?"

"ಅವರು ಯಾರದು ಅಂತ ಕೇಳಿದ್ರು, ಮಗಳೇ. ಏನು ಕೆಲಸ ಅಂತ ಯಾರೂ ಕೇಳಲಿಲ್ಲ."

"ಅರ್ಜಿಯಲ್ಲಿ ನಿನ್ನ ಕೆಲಸ ಏನು ಅಂತ ಬರೆದಿದೆ?"

"ಹೆಡ್‌ಮಾಸ್ತರರು 'ಕೂಲಿ' ಅಂತ ಹಾಕಿದಾರೆ. ಚುಟುಕಾಗಿರಲಿ ಅಂದ್ರು."

ಮಗಳು ಮುಖವನ್ನು ಆ ಕಡೆ ತಿರುಗಿಸಿ ಮಲಗಿದಳು. ತಾನೇನೋ ಎಡವಟ್ಟು ಮಾಡಿದ್ದೇನೆಂದು ಸ್ಪ್ರಿಂಗಣ್ಣನಿಗೆ ಅಷ್ಟರಮಟ್ಟಿಗೆ ಹೊಳೆಯಿತು. ಯಾವುದೆಂದು ಹೊಳೆಯಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಹೇಳಿದ್ದ. ಅಪ್ಪನ ಮಾತು ಮೀರಿರಲಿಲ್ಲ. ಕುರ್ಚಿಗಳನ್ನು ಕಾಪಾಡಿದ್ದ.

ಪ್ರಿನ್ಸಿಪಾಲರನ್ನು ಕಾಣುವ ದಿನ ಬಂತು. "ಕೇಳೋ ತನಕ ಬಾಯಿ ಬಿಡಬೇಡ," ಎಂದು ತಾಯಿ ಮಗಳಿಗೆ ಹೇಳಿ ಕಳಿಸಿದಳು. ಗಂಡನಿಗೆ, ಕೇಳಿದ ಮೇಲೂ ಬಿಡಬೇಡವೆಂದು ಹೇಳಿದ್ದರೆ ಚೆನ್ನಾಗಿತ್ತು.

ಪ್ರಿನ್ಸಿಪಾಲರ ಕೋಣೆ ಭವ್ಯವಾಗಿತ್ತು. ಗೋಡೆಗೆ ದೊಡ್ಡ ಗಡಿಯಾರ, ಗಾಜಿನ ಬೀರುಗಳಲ್ಲಿ ಬಂಗಾರದ ಬಣ್ಣದ ಬಟ್ಟಲುಗಳು, ನೆಲಕ್ಕೆ ದಪ್ಪನೆಯ ಹಸಿರು ಜಮಖಾನೆ. ಆದರೆ ಆ ಅಗಲವಾದ ಮೇಜಿನ ಹಿಂದೆ ಪ್ರಿನ್ಸಿಪಾಲರು ಕೂತಿದ್ದುದು ಒಂದು ಬಿಳಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಅವರು ಭಾರಿ ಆಳು. ಕುರ್ಚಿ ಆಗಾಗ ಕಿರ್ ಎನ್ನುತ್ತಿತ್ತು. ಸ್ಪ್ರಿಂಗಣ್ಣ ಅವರ ಮುಖ ನೋಡಲಿಲ್ಲ. ಕುರ್ಚಿಯ ಹಿಂಗಾಲು ಹೊರಕ್ಕೆ ಬಾಗುತ್ತಿರುವುದನ್ನು ನೋಡಿ ಒಳಗೊಳಗೇ ನೊಂದುಕೊಂಡ.

"ನಮ್ಮ ಸಾರ್ ಅಂದ್ರೆ ಹೀಗೆ. 'ಬಡಮಕ್ಕಳು ನೆಲದ ಮೇಲೆ ಕೂತು ಓದುವಾಗ ನನಗೇಕೆ ಸಿಂಹಾಸನ' ಅಂತ ತಮ್ಮ ಕುರ್ಚಿಯನ್ನೇ ತ್ಯಾಗ ಮಾಡಿಬಿಟ್ರು," ಎಂದು ಗುಮಾಸ್ತ ಅಭಿಮಾನದಿಂದ ಪಿಸುಗುಟ್ಟಿದ.

ಪ್ರಿನ್ಸಿಪಾಲರು ವಿನಯದಿಂದ ಕಣ್ಣು ಮುಚ್ಚಿ, "ವರದಿ ಓದಿ," ಎಂದರು.

ಗುಮಾಸ್ತ ಓದಿದ. ಸೋಫಾ: ತಂದೆಯದು. ಅದೇ ಸೋಫಾ: ಹಾಲಿನ ವೃದ್ಧೆಯದು. ಟೀಪಾಯಿ: ತಂದೆಯದು, ಮತ್ತು ಅರ್ಧ ಕ್ಷೌರವಾದ ಅಪರಿಚಿತನದು. "ಇನ್ನು, ಎತ್ತರ ಬೆನ್ನಿನ ಕೆಂಪು ಕುರ್ಚಿ. ಕೈಗಳಿಗೆ ಸಿಂಹದ ಮುಖ. ಒಂದು ಸಿಂಹಕ್ಕೆ ಕಿವಿ ಇಲ್ಲ…"

ಪ್ರಿನ್ಸಿಪಾಲರ ಕಣ್ಣು ತೆರೆಯಿತು. "ಎಡಗಡೆ ಸಿಂಹವೋ, ಬಲಗಡೆ ಸಿಂಹವೋ?"

"ಎಡಗಡೆ, ಸಾರ್."

ಇಲ್ಲಿ ಓದುಗರಿಗೆ ಒಂದು ಸಂಗತಿ ಹೇಳಿಬಿಡುವುದು ಒಳ್ಳೆಯದು. ಆ ಮಹಾತ್ಯಾಗಕ್ಕೆ ಮುಂಚಿನ ಮಧ್ಯಾಹ್ನ, ಊಟವಾದ ಮೇಲೆ ಪ್ರಿನ್ಸಿಪಾಲರು ಕೂತ ರಭಸಕ್ಕೆ ಸಿಂಹಾಸನದ ತಳ ಕುಸಿದು, ಅವರು ಅದರೊಳಗೆ ಮಡಿಚಿಕೊಂಡು ಸಿಕ್ಕಿಹಾಕಿಕೊಂಡಿದ್ದರು. ಎಳೆದು ತೆಗೆದವನು ನಂಬಿಕಸ್ಥನಾದ ಜವಾನ. ಮೇಲೊಂದು ಕಂಬಳಿ ಹೊದಿಸಿ ಕುರ್ಚಿಯನ್ನು ಸಾಗಿಸಿದವನೂ ಅವನೇ. ಬಣ್ಣ ಬದಲಿಸಿಕೊಂಡು ಬಂದ ಮೇಲೆ ಅದನ್ನು ಅಭಿಮಾನಿಗಳ ಕಾಣಿಕೆಯೆಂದು ಒತ್ತಾಯಕ್ಕೆ ಸ್ವೀಕರಿಸುವುದೆಂದು ಪ್ರಿನ್ಸಿಪಾಲರು ಯೋಚಿಸಿಟ್ಟಿದ್ದರು.

"ಆ ಕುರ್ಚಿ ಯಾರದು?" ಎಂದು ಅವರು ಮೆಲ್ಲಗೆ ಸ್ಪ್ರಿಂಗಣ್ಣನನ್ನು ಕೇಳಿದರು.

"ನಮ್ಮದೇ, ಸ್ವಾಮಿ."

"ಸರಿಯಾಗಿ ಯೋಚನೆ ಮಾಡಿ ಹೇಳಿ."

ಸ್ಪ್ರಿಂಗಣ್ಣ ಯೋಚನೆ ಮಾಡಿದ. ಅಪ್ಪನ ಮುಖ ನೆನಪಾಗಲಿಲ್ಲ, ಅಪ್ಪನ ಮೊಂಡುಗಾಲಿನ ಸ್ಟೂಲು ನೆನಪಾಯಿತು. "ನಮ್ಮದೇ, ಸ್ವಾಮಿ."

"ನಿಮ್ಮದಲ್ಲ ಕಣ್ರೀ ಅದು!" ಪ್ರಿನ್ಸಿಪಾಲರು ಮೇಜು ಗುದ್ದಿದರು. ಪ್ಲಾಸ್ಟಿಕ್ ಕುರ್ಚಿ ಕಿರ್ ಎಂದಿತು.

ಎಲ್ಲರೂ ಅವರನ್ನೇ ನೋಡಿದರು. "ಅದು ನಿಮಗೆ ಹೇಗೆ ಗೊತ್ತು, ಸಾರ್?" ಎಂದರು ಮೇಡಂ.

"ಹೇಗೆ ಅಂದ್ರೆ… ಇವರನ್ನ ನೋಡಿದ್ರೆ ಗೊತ್ತಾಗಲ್ವೇ? ಅಂಥ ಕುರ್ಚಿ ಇವರ ಹತ್ರ ಇರೋಕೆ ಸಾಧ್ಯವೇ?"

"ಹಾಗಾದ್ರೆ ಕ್ಷೌರದಂಗಡಿಯವನದೇ ಇರಬೇಕು, ಸಾರ್. ದೊಡ್ಡ ಮನುಷ್ಯರಿಗೆ ಅಂದಿದ್ದ," ಎಂದು ಗುಮಾಸ್ತ ಪೆನ್ನು ತೆಗೆದ.

"ಅವನದೂ ಅಲ್ಲ!"

"ಮತ್ತೆ ಯಾರದು, ಸಾರ್?"

ಪ್ರಿನ್ಸಿಪಾಲರು ನೀರು ಕುಡಿದರು. ಲೋಟ ಖಾಲಿಯಾದ ಮೇಲೂ ಕುಡಿಯುತ್ತಿದ್ದರು. ಸ್ಪ್ರಿಂಗಣ್ಣನ ತಲೆ ಗಿರ್ರೆಂದಿತು. ಹಾಲಿನಜ್ಜಿ ಸೋಫಾ ತನ್ನದೆಂದಳು. ಈ ಮಹಾನುಭಾವರೋ, ಕುರ್ಚಿ ಯಾರದೂ ಅಲ್ಲ ಎನ್ನುತ್ತಿದ್ದಾರೆ. ಯಾರದೂ ಅಲ್ಲದ ಕುರ್ಚಿ ಲೋಕದಲ್ಲಿ ಉಂಟೇ?

"ಮಗು," ಪ್ರಿನ್ಸಿಪಾಲರು ಮುಳುಗುವವನು ಹುಲ್ಲುಕಡ್ಡಿಯ ಕಡೆ ನೋಡುವ ಹಾಗೆ ಮಗಳ ಕಡೆ ನೋಡಿದರು. "ನೀನು ಹೇಳಮ್ಮ."

ಮಗಳು ಇಷ್ಟು ಹೊತ್ತೂ ನೆಲ ನೋಡುತ್ತಿದ್ದಳು. ಪ್ರಿನ್ಸಿಪಾಲರ ಕುರ್ಚಿಯ ಸುತ್ತ ಹಸಿರು ಜಮಖಾನೆಯಲ್ಲಿ ನಾಲ್ಕು ಆಳವಾದ ಗುಳಿಗಳಿದ್ದವು. ಪ್ಲಾಸ್ಟಿಕ್ ಕಾಲುಗಳು ಅವುಗಳ ನಡುವೆ ಎಲ್ಲೋ ಅನಾಥವಾಗಿ ನಿಂತಿದ್ದವು. ಗುಳಿಗಳಲ್ಲಿ ಬೆರಳುಗಳ ಗುರುತಿತ್ತು. ಸಿಂಹದ ಪಂಜದ್ದು. ಆ ಪಂಜಗಳ ಧೂಳನ್ನು ಮೊನ್ನೆ ತಾನೇ ಅವಳು ಒರೆಸಿದ್ದಳು.

"ಸಾರ್, ನಮ್ಮಪ್ಪ ಸೋಫಾ ರಿಪೇರಿ ಮಾಡ್ತಾರೆ," ಎಂದಳು. "ಮನೆಗೆ ಬಂದ ಕುರ್ಚಿ ಯಾರದು ಅಂತ ಹೇಳಬಾರದು ಅನ್ನೋದು ನಮ್ಮ ತಾತನ ಕಾಲದ ಕಟ್ಟು. ಹೇಳಿದ್ರೆ ಕೊಟ್ಟವರಿಗೆ ನಾಚಿಕೆ ಆಗುತ್ತಂತೆ. ಅದಕ್ಕೆ ಯಾರು ಕೇಳಿದ್ರೂ ಅಪ್ಪ 'ನಮ್ಮದೇ' ಅಂತಾರೆ. ನಾವು ಕೂರೋದು ಚಾಪೆ ಮೇಲೆ."

"ಹಾಗಾದ್ರೆ ಸಿಂಹದ ಕುರ್ಚಿ ಯಾರದು?" ಗುಮಾಸ್ತ ಬಿಡಲಿಲ್ಲ.

"ಅಪ್ಪನಿಗೆ ಗೊತ್ತಿಲ್ಲ ಸಾರ್." ಅವಳ ಕಣ್ಣು ಮತ್ತೆ ಜಮಖಾನೆಯ ಗುಳಿಗಳ ಮೇಲೆ ನಿಂತಿತು. ಪ್ರಿನ್ಸಿಪಾಲರ ಕಣ್ಣು ಅವಳ ಕಣ್ಣಿನ ಜಾಡು ಹಿಡಿದು ಅಲ್ಲಿಗೇ ಬಂತು. ಅವರು ಹಗುರವಾಗಿ ಬೂಟುಗಾಲನ್ನು ಸರಿಸಿ ಒಂದು ಗುಳಿಯ ಮೇಲಿಟ್ಟರು. "ಗೊತ್ತಿರೋರೂ ಹೇಳೋ ಹಾಗಿಲ್ಲ," ಎಂದಳು ಮಗಳು.

"ಕೇಳಿದಿರಲ್ಲ!" ಎಂದರು ಪ್ರಿನ್ಸಿಪಾಲರು. ಹಣೆಯ ಬೆವರು ಒರೆಸಿಕೊಂಡರು. "ಪರೀಕ್ಷೆಯಲ್ಲಿ ಗೆದ್ದಿದಾಳೆ. ಕೂರೋದು ಚಾಪೆ ಮೇಲೆ. ಇದಕ್ಕಿಂತ ಇನ್ನೇನು ಬೇಕು? ಬರೆಯಿರಿ, ಸೀಟು ಕೊಟ್ಟಿದೆ. ಕುರ್ಚಿ ವಿಚಾರ ಹೊಡೆದು ಹಾಕಿ. ಅಲ್ಲಲ್ಲ, ಆ ಹಾಳೆ ನನ್ನ ಕೈಗೇ ಕೊಡಿ."

ಮೇಡಂ ಮಗಳ ಬೆನ್ನು ತಟ್ಟಿದರು. ಗುಮಾಸ್ತ ತಲೆ ಕೆರೆದುಕೊಳ್ಳುತ್ತಲೇ ಹೊರಗೆ ಹೋದ. ಸ್ಪ್ರಿಂಗಣ್ಣ ಕೈ ಮುಗಿದು ಹೊರಡುವಾಗ ಪ್ರಿನ್ಸಿಪಾಲರು ಬಾಗಿಲ ತನಕ ಬಂದು, ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದರು: "ಆ ಸಿಂಹದ ಕುರ್ಚಿ… ಯಾವಾಗ ರೆಡಿಯಾಗುತ್ತೆ?"

ಸ್ಪ್ರಿಂಗಣ್ಣ ಒಂದು ಹೆಜ್ಜೆ ಹಿಂದೆ ಸರಿದ. "ಅದು ಕೊಡೋದಲ್ಲ, ಸ್ವಾಮಿ. ನಮ್ಮದು."

ಬೀದಿಗೆ ಬಂದ ಮೇಲೆ ಮಗಳಿಗೆ ಹೇಳಿದ, "ಒಳ್ಳೆ ಮನುಷ್ಯ, ಪಾಪ. ಆದ್ರೂ ಬೇರೆಯವರ ಕುರ್ಚಿ ಮೇಲೆ ಎಷ್ಟು ಆಸೆ ನೋಡು!" ಮಗಳು ನಗು ತಡೆಯಲಾರದೆ ಯಾರದೋ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಸೀಟು ಸಿಕ್ಕಿದ ಖುಷಿಗೆ ನಗುತ್ತಿದ್ದಾಳೆಂದು ಸ್ಪ್ರಿಂಗಣ್ಣನೂ ನಕ್ಕ.

ಮನೆಗೆ ಬಂದು ಮೊದಲು ಹಾಲಿನಜ್ಜಿಯ ಕಾಲಿಗೆ ಬಿದ್ದು, ಎರಡು ಮಾತು ಬೈಸಿಕೊಂಡು ರಾಜಿಯಾದ. ಆಮೇಲೆ ಕುರ್ಚಿಯನ್ನು ಅಡುಗೆಮನೆಗೆ ಎಳೆದಿಟ್ಟು ಕಾವಲು ಕೂತ. ಸಿಂಹಕ್ಕೆ ಹೊಸ ಕಿವಿ ಒಣಗಿದ ದಿನವೇ ತಲೆಗೆ ಟವೆಲು ಸುತ್ತಿಕೊಂಡ ಒಬ್ಬ ಬಾಗಿಲಿಗೆ ಬಂದ.

"ಯಾರು ಬೇಕಾಗಿತ್ತು?" ಎಂದ ಸ್ಪ್ರಿಂಗಣ್ಣ.

"ನಾನೇ ಕಣಪ್ಪ! ಕುರ್ಚಿಗೆ ಬಂದಿದೀನಿ. ಪ್ರಿನ್ಸಿಪಾಲರು ಕಳಿಸಿದಾರೆ."

"ನಾನು ಅಂದ್ಕೊಂಡೇ ಇದ್ದೆ!" ಸ್ಪ್ರಿಂಗಣ್ಣ ಬಾಗಿಲಿಗೆ ಅಡ್ಡ ನಿಂತ. "ಸೀಟು ಕೊಟ್ಟ ಋಣ ಇದೆ, ಜೀವ ಬೇಕಾದ್ರೂ ಕೊಡ್ತೀನಿ. ನಂಬಿ ತಂದಿಟ್ಟವರ ಕುರ್ಚಿ ಕೊಡಲ್ಲ."

ಜವಾನ ಬೇಡಿಕೊಂಡ, ಆಣೆ ಇಟ್ಟ, ಕುರ್ಚಿಯ ತಳದಲ್ಲಿ ಯಾವ ಕಡೆ ಸ್ಪ್ರಿಂಗು ಮುರಿದಿತ್ತೆಂದು ಹೇಳಿದ. ಸ್ಪ್ರಿಂಗಣ್ಣ ಜಗ್ಗಲಿಲ್ಲ. ಕೊನೆಗೆ ಹಾಸ್ಟೆಲಿಗೆ ಬಟ್ಟೆ ಮಡಿಸಿಡುತ್ತಿದ್ದ ಮಗಳು ಒಳಗಿನಿಂದ ಬಂದಳು.

"ಅಪ್ಪಾ, ಆ ಕುರ್ಚಿ ಯಾರದು?"

"ನಮ್ಮದೇ."

"ನಮ್ಮದೇ ಆದ್ರೆ ನಾವು ಯಾರಿಗೆ ಬೇಕಾದ್ರೂ ಕೊಡಬಹುದಲ್ಲ? ಕೊಟ್ಟುಬಿಡು."

ಸ್ಪ್ರಿಂಗಣ್ಣ ಮಾತಿನ ತಳ ಎಲ್ಲಿ ಕುಸಿಯಿತೆಂದು ಹುಡುಕಿದ, ಸಿಕ್ಕಲಿಲ್ಲ. ಅಷ್ಟರಲ್ಲಿ ಜವಾನ ಕಂಬಳಿ ಹೊದಿಸಿ ಕುರ್ಚಿಯನ್ನು ಹಿಂದಿನ ಓಣಿಗೆ ದಾಟಿಸಿದ್ದ.

ಅಂದಿನಿಂದ ಬಾಗಿಲು ತಟ್ಟಿದ ಸದ್ದಾದರೆ ಸ್ಪ್ರಿಂಗಣ್ಣ ಮೊದಲು ಕಿಟಕಿಯಿಂದ ಇಣುಕಿ ನೋಡುತ್ತಾನೆ. ಸಿಂಹದ ಕುರ್ಚಿಯ ನಿಜವಾದ ಯಜಮಾನ ಬಂದು ಕೇಳಿದರೆ ಏನು ಹೇಳುವುದು? ಮಗಳು ಮೊದಲ ರಜೆಗೆ ಮನೆಗೆ ಬಂದಾಗಲೂ ಅವನು ಮೊದಲು ಕೇಳಿದ್ದು ಅದನ್ನೇ.

"ಅದರ ಯಜಮಾನ ಇನ್ನೂ ಬಂದಿಲ್ಲ ಮಗಳೇ. ಯಾರಿರಬಹುದು ಅಂತ ನಿನಗೇನಾದ್ರೂ ಗೊತ್ತಾ?"

ಮಗಳು ಚಾಪೆಯ ಮೇಲೆ ಪುಸ್ತಕ ತೆರೆದು, ಹಳೆಯ ಹಾಗೆಯೇ ಬೋರಲು ಮಲಗಿದಳು.

"ಹೇಳೋ ಹಾಗಿಲ್ಲಪ್ಪ," ಎಂದಳು.